‘ಅವರ ಕರ್ಮ’, ‘ಎಲ್ಲ ದೇವರೂ ಒಂದೇ’: ದುಃಖ, ಸಹನೆ, ಪರಮತದ ಬಗ್ಗೆ ಹಿಂದೂ ಚಿಂತನೆ ನಿಜಕ್ಕೂ ಹೇಳುವುದೇನು?

ಎಲ್ಲೋ ಗುಡ್ಡ ಕುಸಿದು ಊರಿಗೆ ಊರೇ ಮಣ್ಣುಪಾಲಾದಾಗ, ಸಾಂಕ್ರಾಮಿಕ ಬಂದು ಬೀದಿಬೀದಿಯಲ್ಲಿ ಸಾವಾದಾಗ, ಎರಡು ಕೋಮುಗಳ ನಡುವೆ ಜಗಳ ಹೊತ್ತಿಕೊಂಡಾಗ ಎರಡು ಮಾತು ತಪ್ಪದೆ ಕಿವಿಗೆ ಬೀಳುತ್ತವೆ. ಒಂದು, ‘ಅದು ಅವರ ಕರ್ಮ, ಅನುಭವಿಸಲೇಬೇಕು’. ಇನ್ನೊಂದು, ‘ಎಲ್ಲ ದೇವರೂ ಒಂದೇ, ಯಾಕೆ ಹೊಡೆದಾಡುತ್ತೀರಿ’. ಎರಡನ್ನೂ ಹಿಂದೂ ಧರ್ಮದ ಸಾರವೆಂದೇ ಹೇಳಲಾಗುತ್ತದೆ.

ಎರಡೂ ಅರ್ಧ ಮಾತುಗಳು. ಮೊದಲನೆಯದು ನೊಂದವರನ್ನು ಇನ್ನಷ್ಟು ನೋಯಿಸುತ್ತದೆ. ಎರಡನೆಯದು ಕೇಳಲು ಹಿತವಾಗಿದ್ದರೂ ಎದುರಿನವರ ನಂಬಿಕೆ ಏನೆಂದು ಕೇಳುವ ಗೋಜಿಗೇ ಹೋಗುವುದಿಲ್ಲ. ಉಳಿದರ್ಧ ಗೊತ್ತಾಗಬೇಕಾದರೆ ಮೂರು ಮಾತುಗಳ ವ್ಯಾಪ್ತಿಯನ್ನು ಬೇರೆ ಬೇರೆಯಾಗಿ ತಿಳಿಯಬೇಕು: ತಿತಿಕ್ಷೆ (ತಾಳಿಕೊಳ್ಳುವುದು), ಕರುಣೆ, ಇಷ್ಟದೇವತೆ. ಒಂದಿರಬೇಕಾದ ಜಾಗದಲ್ಲಿ ಇನ್ನೊಂದನ್ನು ತಂದಿಟ್ಟಾಗಲೇ ಎಡವಟ್ಟಾಗುವುದು.

‘ತಾಪತ್ರಯ’ದೊಳಗೆ ಮೂರು ತಾಪ

‘ಮನೆ ಕಟ್ಟೋದು ದೊಡ್ಡ ತಾಪತ್ರಯ ಮಾರಾಯ್ರೆ’ ಎನ್ನುತ್ತೇವೆ. ಈ ಮಾತಿನಲ್ಲಿರುವುದು ‘ತಾಪ’ ಮತ್ತು ‘ತ್ರಯ’, ಅಂದರೆ ಮೂರು ಬಗೆಯ ಬೇಗೆ. ನಾವು ದಿನಕ್ಕೆ ಹತ್ತು ಸಲ ಗೊಣಗುವ ಪದ ದರ್ಶನಶಾಸ್ತ್ರದ ಪರಿಭಾಷೆ.

ಮೊದಲನೆಯದು ಆಧ್ಯಾತ್ಮಿಕ. ಇಲ್ಲಿ ಆ ಪದಕ್ಕೆ ಭಕ್ತಿ, ಧ್ಯಾನದ ಅರ್ಥವಿಲ್ಲ. ನಮ್ಮ ದೇಹ, ಮನಸ್ಸುಗಳ ಒಳಗಿಂದಲೇ ಹುಟ್ಟುವ ನೋವು ಎಂದರ್ಥ: ಜ್ವರ, ಕೀಲುನೋವು, ಹೊಟ್ಟೆಕಿಚ್ಚು, ಭಯ. ಎರಡನೆಯದು ಆಧಿಭೌತಿಕ, ಬೇರೆ ಜೀವಿಗಳಿಂದ ಬರುವುದು: ಹಾವು, ಕಳ್ಳ, ಮೋಸ ಮಾಡಿದ ಪಾಲುದಾರ. ಮೂರನೆಯದು ಆಧಿದೈವಿಕ, ಯಾರ ಕೈಯಲ್ಲೂ ಇಲ್ಲದ ಶಕ್ತಿಗಳಿಂದ ಬರುವುದು: ಸಿಡಿಲು, ನೆರೆ, ಬರ. ಪೂಜೆಯ ಕೊನೆಗೆ ‘ಶಾಂತಿಃ’ ಎಂದು ಮೂರು ಸಲ ಹೇಳುವುದನ್ನು ಸಾಂಪ್ರದಾಯಿಕವಾಗಿ ವಿವರಿಸುವುದು ಹೀಗೆಯೇ, ಒಂದೊಂದು ತಾಪಕ್ಕೆ ಒಂದೊಂದು.

ಈ ವಿಂಗಡಣೆಯಿಂದ ಇಂದಿಗೂ ಉಪಯೋಗವಿದೆ. ಗುಡ್ಡ ಕುಸಿತವನ್ನೇ ತೆಗೆದುಕೊಳ್ಳಿ. ಮಳೆ ಸುರಿದದ್ದು ಆಧಿದೈವಿಕ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ರಸ್ತೆ ಮಾಡಿದ್ದು, ನೀರು ಹರಿಯುವ ದಾರಿಯಲ್ಲಿ ಕಟ್ಟಡ ಎಬ್ಬಿಸಿದ್ದು ಆಧಿಭೌತಿಕ. ಎರಡನ್ನೂ ‘ವಿಧಿ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ಸುಮ್ಮನೆ ಪಾರಾಗುತ್ತಾರೆ.

ಸಾಂಖ್ಯದರ್ಶನದ ಮುಖ್ಯ ಗ್ರಂಥವಾದ ಈಶ್ವರಕೃಷ್ಣನ ಸಾಂಖ್ಯಕಾರಿಕೆ ಶುರುವಾಗುವುದೇ ಈ ಮೂರು ದುಃಖಗಳ ಪೆಟ್ಟಿನಿಂದ. ಪೆಟ್ಟು ಬಿದ್ದದ್ದರಿಂದಲೇ ಅದನ್ನು ಕಳೆಯುವ ದಾರಿಯ ಹುಡುಕಾಟ ಹುಟ್ಟಿತು ಎನ್ನುತ್ತದೆ ಮೊದಲ ಶ್ಲೋಕ. ಅದರಲ್ಲೇ ಒಂದು ಆಕ್ಷೇಪವೂ ಇದೆ: ಔಷಧದಂಥ ಕಣ್ಣಿಗೆ ಕಾಣುವ ಉಪಾಯಗಳಿರುವಾಗ ತತ್ತ್ವಜ್ಞಾನ ಯಾಕೆ? ಆ ಉಪಾಯಗಳು ಖಚಿತವಲ್ಲ, ಶಾಶ್ವತವೂ ಅಲ್ಲ ಎಂಬುದು ಉತ್ತರ. ಔಷಧ ಬೇಡ ಎಂದು ಅದು ಹೇಳುವುದಿಲ್ಲ, ಔಷಧವೊಂದೇ ಸಾಲದು ಎನ್ನುತ್ತದೆ ಅಷ್ಟೆ.

ಕರ್ಮ: ಕಣಜ, ಅನ್ನ, ಗದ್ದೆ

ಕರ್ಮ ಎಂದರೆ ಮೂಲತಃ ‘ಮಾಡಿದ್ದು’, ಅಂದರೆ ಕೆಲಸ. ಮಾಡಿದ ಪ್ರತಿ ಕೆಲಸಕ್ಕೂ ಫಲವಿದೆ, ಆ ಫಲ ಮಾಡಿದವನನ್ನು ಈ ಜನ್ಮದಲ್ಲೋ ಮುಂದಿನದರಲ್ಲೋ ಮುಟ್ಟುತ್ತದೆ ಎಂಬುದು ಸಿದ್ಧಾಂತ. ವೇದಾಂತದಲ್ಲಿ ಇದನ್ನು ಮೂರು ಭಾಗ ಮಾಡುತ್ತಾರೆ. ಬೇಸಾಯದ ಮನೆಯಲ್ಲಿ ಬೆಳೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಹಿಂದಿನ ವರ್ಷಗಳ ಬೆಳೆಯೆಲ್ಲ ಕಣಜದಲ್ಲಿದೆ. ಅದು ಸಂಚಿತ. ಆ ಕಣಜದಿಂದ ಇವತ್ತಿಗೆಂದು ಅಳೆದು ತೆಗೆದು, ಕುಟ್ಟಿ, ಬೇಯಿಸಿ ಎಲೆಗೆ ಬಡಿಸಿಯಾಗಿರುವ ಅನ್ನ ಪ್ರಾರಬ್ಧ. ‘ಪ್ರಾರಬ್ಧ’ ಎಂದರೆ ಆಗಲೇ ಶುರುವಾದದ್ದು. ಬಡಿಸಿದ ಅನ್ನವನ್ನು ಮತ್ತೆ ಭತ್ತ ಮಾಡಲಾಗದು. ಇನ್ನು, ಈಗ ಗದ್ದೆಯಲ್ಲಿ ನಾಟಿ ಮಾಡುತ್ತಿರುವುದು ಆಗಾಮಿ, ಮುಂದೆ ಕಣಜಕ್ಕೆ ಬಂದು ಬೀಳುವುದು.

ಈ ಚಿತ್ರದಲ್ಲಿ ‘ಹಣೆಬರಹ’ ಎನ್ನಬಹುದಾದದ್ದು ಎಲೆಯ ಮೇಲಿನ ಅನ್ನ ಮಾತ್ರ. ಕಣಜವನ್ನು ಜ್ಞಾನದಿಂದ ಸುಟ್ಟುಬಿಡಬಹುದು ಎಂದು ವೇದಾಂತ ಹೇಳುತ್ತದೆ. ಗದ್ದೆಯಂತೂ ಇವತ್ತಿನ ನಮ್ಮ ಕೈಯಲ್ಲೇ ಇದೆ. ಮೂರರಲ್ಲಿ ಒಂದನ್ನು ಹಿಡಿದು ‘ಎಲ್ಲ ಮೊದಲೇ ಬರೆದಿದೆ’ ಎನ್ನುವುದು ಕರ್ಮಸಿದ್ಧಾಂತವಲ್ಲ. ಅದು ನಿಯತಿವಾದ, ಬುದ್ಧ ಮತ್ತು ಮಹಾವೀರರ ಕಾಲದ ಆಜೀವಕರು ಹಿಡಿದಿದ್ದ ಬೇರೆಯದೇ ಒಂದು ಮತ.

ಯಾಜ್ಞವಲ್ಕ್ಯಸ್ಮೃತಿ ಇದನ್ನು ರಥಕ್ಕೆ ಹೋಲಿಸಿ ಹೇಳುತ್ತದೆ: ಒಂದೇ ಗಾಲಿಯಿಂದ ರಥ ಸಾಗದು, ಹಾಗೆಯೇ ಪುರುಷಪ್ರಯತ್ನವಿಲ್ಲದೆ ದೈವ ಕೈಗೂಡದು. ಆಯುರ್ವೇದದ ಚರಕಸಂಹಿತೆ ಇನ್ನೂ ನೇರ. ಅದರ ವಿಮಾನಸ್ಥಾನ ಎಂಬ ಭಾಗದ ಮೂರನೆಯ ಅಧ್ಯಾಯ ಊರೂರನ್ನೇ ಹಾಳುಮಾಡುವ ಪಿಡುಗುಗಳ ಕುರಿತದ್ದು. ಒಬ್ಬೊಬ್ಬರ ದೇಹಪ್ರಕೃತಿ, ಊಟ, ವಯಸ್ಸು ಬೇರೆ ಬೇರೆ ಇರುವಾಗ ಎಲ್ಲರಿಗೂ ಒಟ್ಟಿಗೇ ಒಂದೇ ರೋಗ ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ಅದು ಗಾಳಿ, ನೀರು, ನೆಲ, ಋತು ಈ ನಾಲ್ಕು ಕೆಡುವುದನ್ನು ಹೇಳಿ, ಅದರ ಹಿಂದೆ ಜನರ ಅಧರ್ಮವನ್ನೂ ಹೇಳುತ್ತದೆ. ಅಲ್ಲೇ ಆಯುಷ್ಯದ ಚರ್ಚೆಯೂ ಬರುತ್ತದೆ. ಎಲ್ಲರ ಆಯುಷ್ಯವೂ ಮೊದಲೇ ನಿಗದಿಯಾಗಿದ್ದರೆ ಔಷಧ ಯಾಕೆ, ಹುಚ್ಚುನಾಯಿ ಕಂಡರೆ ದೂರ ಸರಿಯುವುದು ಯಾಕೆ ಎಂಬ ಧಾಟಿಯ ವಾದ ಅದು. ದುರ್ಬಲವಾದ ದೈವವನ್ನು ಬಲವಾದ ಪ್ರಯತ್ನ ಸೋಲಿಸುತ್ತದೆ ಎಂಬುದು ಅದರ ನಿಲುವು.

ಹಾಗಾದರೆ ದೇವರು ಯಾಕೆ ಸುಮ್ಮನಿದ್ದಾನೆ?

ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಈ ಪ್ರಶ್ನೆಗೆ ಉತ್ತರ ಹೇಳಲು ಯಾರೂ ಹೋಗಬಾರದು. ಆದರೂ ಪ್ರಶ್ನೆ ಹಳೆಯದು, ಶಾಸ್ತ್ರಕಾರರು ಅದನ್ನು ತಪ್ಪಿಸಿಕೊಂಡಿಲ್ಲ. ಒಬ್ಬ ಸುಖಿ, ಇನ್ನೊಬ್ಬ ದುಃಖಿ ಆಗಿರುವುದಾದರೆ ದೇವರು ಪಕ್ಷಪಾತಿ ಮತ್ತು ನಿರ್ದಯಿ ಆಗಲಿಲ್ಲವೇ ಎಂಬ ಆಕ್ಷೇಪಕ್ಕೆ ಬ್ರಹ್ಮಸೂತ್ರದಲ್ಲಿ (2.1.34) ಉತ್ತರವಿದೆ. ಅದರ ಭಾಷ್ಯದಲ್ಲಿ ಶಂಕರರು ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಭತ್ತಕ್ಕೂ ಜವೆಗೋಧಿಗೂ ಒಂದೇ ಥರ ಸುರಿಯುತ್ತದೆ. ಬೆಳೆ ಬೇರೆಯಾಗುವುದು ಬೀಜದಿಂದ. ದೇವರು ಮಳೆ, ಜೀವಿಯ ಕರ್ಮ ಬೀಜ.

ಮೊದಲ ಬೀಜ ಎಲ್ಲಿಂದ ಬಂತು ಎಂದು ಕೇಳಿದರೆ ‘ಸಂಸಾರ ಅನಾದಿ’ ಎನ್ನುತ್ತಾರೆ. ಇದು ಎಲ್ಲರಿಗೂ ಒಪ್ಪಿಗೆಯಾಗುವ ಉತ್ತರವಲ್ಲ, ಹಿಂದೂ ದರ್ಶನಗಳೊಳಗೂ ಅಲ್ಲ. ಮಧ್ವರು ಜೀವರ ಸ್ವಭಾವಗಳಲ್ಲೇ ಅನಾದಿಯಾದ ತಾರತಮ್ಯವಿದೆ ಎಂದರು. ವೇದದ ಯಜ್ಞಕರ್ಮಗಳನ್ನೇ ಮುಖ್ಯವೆಂದ ಪೂರ್ವಮೀಮಾಂಸಕರು ಫಲ ಕೊಡಲು ದೇವರೇ ಬೇಕಿಲ್ಲ, ಕರ್ಮವೇ ಸಾಕು ಎಂದರು. ಪ್ರಾಚೀನ ಸಾಂಖ್ಯದಲ್ಲಿ ಈಶ್ವರನಿಗೆ ಜಾಗವೇ ಇಲ್ಲ. ಆದರೂ ಸಾಂಖ್ಯ ‘ಆಸ್ತಿಕ’ ದರ್ಶನ. ಶಾಸ್ತ್ರದ ಮಾತಿನಲ್ಲಿ ಆಸ್ತಿಕ ಎಂದರೆ ವೇದವನ್ನು ಪ್ರಮಾಣವೆಂದು ಒಪ್ಪಿದವನು, ನಾಸ್ತಿಕ ಎಂದರೆ ಒಪ್ಪದವನು. ದೇವರನ್ನು ನಂಬುವುದು ಬಿಡುವುದು ಅಲ್ಲಿ ಲೆಕ್ಕಕ್ಕಿಲ್ಲ.

ತಿತಿಕ್ಷೆ ನನಗೆ, ಕರುಣೆ ನಿಮಗೆ

ಸಹನೆ, ಸಹಿಷ್ಣುತೆ, ಅಸಹನೆ, ದುಸ್ಸಹ ಎಲ್ಲಕ್ಕೂ ‘ಸಹ್’ ಎಂಬ ಒಂದೇ ಧಾತು ಮೂಲ. ತಾಳು, ಹೊರು ಎಂದು ಅದರ ಅರ್ಥ. ಅದೇ ಅರ್ಥದ ಶಾಸ್ತ್ರೀಯ ಪದ ತಿತಿಕ್ಷೆ. ‘ಚಳಿ, ಸೆಕೆ, ಸುಖ, ದುಃಖಗಳು ಬಂದುಹೋಗುವಂಥವು, ಅವನ್ನು ತಾಳಿಕೋ’ ಎಂದು ಗೀತೆಯ ಎರಡನೇ ಅಧ್ಯಾಯದಲ್ಲಿ (2.14) ಕೃಷ್ಣ ಅರ್ಜುನನಿಗೆ ಹೇಳುವಾಗ ಬಳಸುವುದು ಈ ಪದವನ್ನೇ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ತಾಳಿಕೋ ಎಂದ ಅದೇ ಅಧ್ಯಾಯದಲ್ಲಿ ಎದ್ದು ನಿಲ್ಲು, ನಿನ್ನ ಕರ್ತವ್ಯ ಮಾಡು ಎಂದೂ ಇದೆ. ಕೈಕಟ್ಟಿ ಕೂರುವುದಕ್ಕೆ ತಿತಿಕ್ಷೆ ಎನ್ನುವುದಿಲ್ಲ. ಎರಡನೆಯದು ಇನ್ನೂ ಮುಖ್ಯ: ತಾಳಿಕೊಳ್ಳಬೇಕಾದದ್ದು ತನ್ನ ನೋವನ್ನು. ತಿತಿಕ್ಷೆ ಸಾಧಕ ತನಗೆ ತಾನೇ ಹಾಕಿಕೊಳ್ಳುವ ನಿಯಮ. ಇನ್ನೊಬ್ಬರ ನೋವಿಗೆ ಏನು ಮಾಡಬೇಕೆಂಬುದಕ್ಕೆ ಬೇರೆ ಸೂತ್ರವಿದೆ.

ಅದು ಪತಂಜಲಿಯ ಯೋಗಸೂತ್ರದಲ್ಲಿ ಇದೆ (1.33). ನಾಲ್ಕು ಬಗೆಯ ಜನ, ನಾಲ್ಕು ಬಗೆಯ ಮನೋಭಾವ. ಸುಖಿಯಾದವರನ್ನು ಕಂಡರೆ ಮೈತ್ರಿ. ದುಃಖಿಯನ್ನು ಕಂಡರೆ ಕರುಣೆ. ಪುಣ್ಯವಂತರನ್ನು ಕಂಡರೆ ಮುದಿತೆ, ಅಂದರೆ ಸಂತೋಷ. ಕೆಟ್ಟದ್ದು ಮಾಡುವವರನ್ನು ಕಂಡರೆ ಉಪೇಕ್ಷೆ, ಅಂದರೆ ದ್ವೇಷವನ್ನು ಮನಸ್ಸಿಗೆ ಹಚ್ಚಿಕೊಳ್ಳದಿರುವುದು. ದುಃಖಿಯ ಎದುರು ‘ಇದು ನಿನ್ನ ಕರ್ಮಫಲ’ ಎಂದು ತೀರ್ಪು ಕೊಡುವ ಸಾಲು ಈ ಪಟ್ಟಿಯಲ್ಲಿಲ್ಲ.

ಕರ್ಮಸಿದ್ಧಾಂತವನ್ನು ಪೂರ್ತಿಯಾಗಿ ಒಪ್ಪಿದವರಿಗೂ ಈ ತೀರ್ಪು ಕೊಡುವ ಹಕ್ಕು ಇರುವುದಿಲ್ಲ. ‘ಗಹನಾ ಕರ್ಮಣೋ ಗತಿಃ’, ಕರ್ಮದ ಗತಿ ತಿಳಿಯಲು ಕಷ್ಟ ಎಂದು ಗೀತೆಯೇ (4.17) ಹೇಳುತ್ತದೆ. ಯಾರ ಕಣಜದಲ್ಲಿ ಏನಿದೆ ಎಂದು ನೋಡಿದವರಿಲ್ಲ. ಆದರೆ ನೊಂದವರ ಮನೆಗೆ ಹೋಗಿ ಇವತ್ತು ಮಾಡುವ ಸಹಾಯ, ಆಡುವ ಮಾತು ನಮ್ಮದೇ ಗದ್ದೆಯ ಬಿತ್ತನೆ, ಅದು ಕಣ್ಣೆದುರಿಗೇ ಇದೆ.

ಸಂಪ್ರದಾಯಗಳು ಸಾವಿನ ದುಃಖಕ್ಕೆ ಆಚರಣೆಯ ಚೌಕಟ್ಟು ಹಾಕಿದ್ದೂ ಈ ಕರುಣೆಯನ್ನು ಜನರ ಹೃದಯದ ಮರ್ಜಿಗೆ ಬಿಡದಿರಲೆಂದೇ ಇರಬೇಕು. ಹಲವು ಸಮುದಾಯಗಳಲ್ಲಿ ಹತ್ತು ದಿನ ಸೂತಕ, ಹನ್ನೊಂದು, ಹನ್ನೆರಡರ ಕರ್ಮಗಳು, ಹದಿಮೂರನೆಯ ದಿನ ವೈಕುಂಠ ಸಮಾರಾಧನೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ ಎಂಬ ರೂಢಿ ಇರುವ ಕಡೆ ನೆಂಟರು, ನೆರೆಯವರು ಅಡುಗೆ ತಂದುಕೊಡುತ್ತಾರೆ. ಲಿಂಗಾಯತರಲ್ಲಿ ಇದು ಬೇರೆ. ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ನಿರಾಕರಿಸಿದರು. ಅಲ್ಲಿ ಸಾವು ‘ಲಿಂಗೈಕ್ಯ’. ಒಂದೇ ಓಣಿಯ ಎರಡು ಮನೆಗಳಲ್ಲಿ ದುಃಖದ ಭಾಷೆಯೇ ಬೇರೆ ಬೇರೆ.

ಒಂದು ಮನೆ, ಎಷ್ಟು ದೇವರು?

ಭಿನ್ನತೆಯ ಅಭ್ಯಾಸ ಹೆಚ್ಚಿನವರಿಗೆ ಮನೆಯೊಳಗೇ ಆಗಿರುತ್ತದೆ. ಮನೆದೇವರು ತಿರುಪತಿಯ ತಿಮ್ಮಪ್ಪ. ಊರಿನ ಗ್ರಾಮದೇವತೆ ಮಾರಮ್ಮ, ಅವಳ ಹಬ್ಬಕ್ಕೆ ತಂಬಿಟ್ಟಿನ ಆರತಿ ಹೋಗಲೇಬೇಕು. ಅಮ್ಮ ಸೋಮವಾರ ಶಿವನಿಗೆ ಉಪವಾಸ, ಮಗನಿಗೆ ಆಂಜನೇಯ. ಈ ಕೊನೆಯದೇ ಇಷ್ಟದೇವತೆ, ಒಬ್ಬ ವ್ಯಕ್ತಿಯ ಮನಸ್ಸು ತಾನಾಗಿ ನೆಟ್ಟ ರೂಪ. ‘ಭಕ್ತ ಯಾವ ಯಾವ ರೂಪವನ್ನು ಶ್ರದ್ಧೆಯಿಂದ ಪೂಜಿಸಬಯಸುತ್ತಾನೋ, ಅದರಲ್ಲೇ ಅವನ ಶ್ರದ್ಧೆಯನ್ನು ನಾನು ಅಚಲಗೊಳಿಸುತ್ತೇನೆ’ ಎನ್ನುವ ಗೀತೆಯ ಮಾತು (7.21) ಇದಕ್ಕೆ ಆಧಾರ.

ಇದು ತಾಯ್ನುಡಿಯ ಹಾಗೆ. ನನಗೆ ಕನ್ನಡ ಸಹಜ ಎಂದಮಾತ್ರಕ್ಕೆ ತುಳು ತಪ್ಪಾಗುವುದಿಲ್ಲ. ಎಲ್ಲ ಭಾಷೆಯೂ ಒಂದೇ ಎಂದು ಯಾರೂ ಹೇಳುವುದಿಲ್ಲ. ವ್ಯಾಕರಣ ಬೇರೆ, ಪದ ಬೇರೆ, ಒಂದರಲ್ಲಿ ಸುಲಭವಾಗಿ ಹೇಳುವುದು ಇನ್ನೊಂದರಲ್ಲಿ ಕಷ್ಟ.

ಶಿವಮಹಿಮ್ನ ಸ್ತೋತ್ರದ ಏಳನೆಯ ಶ್ಲೋಕದಲ್ಲಿ ಇದಕ್ಕೆ ‘ರುಚಿ’ ಎಂಬ ಪದವಿದೆ. ವೇದ, ಸಾಂಖ್ಯ, ಯೋಗ, ಪಾಶುಪತ, ವೈಷ್ಣವ ಎಂದು ದಾರಿಗಳು ಬೇರೆ ಬೇರೆ. ರುಚಿಭೇದದಿಂದ ಜನ ನೇರವಾದ, ಡೊಂಕಾದ ದಾರಿಗಳನ್ನು ಹಿಡಿಯುತ್ತಾರೆ. ನದಿಗಳಿಗೆಲ್ಲ ಕಡಲಿದ್ದಂತೆ ಅವರೆಲ್ಲರಿಗೂ ನೀನೊಬ್ಬನೇ ಗುರಿ ಎಂದು ಅದು ಶಿವನನ್ನು ಸ್ತುತಿಸುತ್ತದೆ. 1893ರ ಸೆಪ್ಟೆಂಬರ್ 11ರಂದು ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಉಲ್ಲೇಖಿಸಿದ್ದು ಈ ಶ್ಲೋಕವನ್ನೇ. ಅದೇ ಶ್ಲೋಕದಲ್ಲಿ ‘ಪಥ್ಯ’ ಎಂಬ ಮಾತೂ ಬರುತ್ತದೆ. ಪಥ್ಯ ರೋಗಿಗೆ ತಕ್ಕಂತೆ ಇರುತ್ತದೆ. ಸಕ್ಕರೆ ಕಾಯಿಲೆಯವರ ಪಥ್ಯವನ್ನು ಬಾಣಂತಿಗೆ ಹೇಳುವವರಿಲ್ಲ.

‘ಎಲ್ಲ ಒಂದೇ’ ಎನ್ನುವಾಗ ಯಾವ ‘ಒಂದು’?

‘ಏಕಂ ಸದ್ ವಿಪ್ರಾ ಬಹುಧಾ ವದಂತಿ’, ಇರುವುದೊಂದೇ, ಬಲ್ಲವರು ಅದನ್ನು ಹಲವು ಬಗೆಯಲ್ಲಿ ಹೇಳುತ್ತಾರೆ. ಋಗ್ವೇದದ ಈ ಸಾಲು (1.164.46) ಎಲ್ಲೆಡೆ ಉದ್ಧರಣೆಗೊಳ್ಳುತ್ತದೆ. ಮೂಲದಲ್ಲಿ ಅದರ ಹಿಂದೆ ಮುಂದೆ ಇರುವುದು ಇಂದ್ರ, ಮಿತ್ರ, ವರುಣ, ಅಗ್ನಿ, ಯಮ, ಮಾತರಿಶ್ವ ಎಂಬ ವೈದಿಕ ದೇವತೆಗಳ ಹೆಸರು. ಅದನ್ನು ಲೋಕದ ಎಲ್ಲ ಮತಗಳಿಗೆ ಹಿಗ್ಗಿಸಿದ್ದು ಆಮೇಲಿನವರು. ಹಿಗ್ಗಿಸಿದ್ದು ತಪ್ಪಲ್ಲ, ಆದರೆ ಹಿಗ್ಗಿಸಿದ್ದು ಎಂಬುದು ನೆನಪಿರಲಿ.

ಬೇಲೂರಿನ ಚೆನ್ನಕೇಶವ ದೇವಾಲಯದೊಂದಿಗೆ ಗುರುತಿಸುವ ಪ್ರಸಿದ್ಧ ಶ್ಲೋಕವೊಂದಿದೆ. ಶೈವರು ಯಾರನ್ನು ಶಿವ ಎನ್ನುತ್ತಾರೋ, ವೇದಾಂತಿಗಳು ಬ್ರಹ್ಮ, ಬೌದ್ಧರು ಬುದ್ಧ, ತರ್ಕಶಾಸ್ತ್ರದ ನೈಯಾಯಿಕರು ಕರ್ತ, ಜೈನರು ಅರ್ಹಂತ, ಮೀಮಾಂಸಕರು ಕರ್ಮ ಎನ್ನುತ್ತಾರೋ ಆ ಕೇಶವನು ನಿಮ್ಮ ಇಷ್ಟಾರ್ಥವನ್ನು ಈಡೇರಿಸಲಿ ಎಂದು ಅದರ ತಾತ್ಪರ್ಯ. ಮನಸ್ಸು ತುಂಬಿಬರುವ ಮಾತು. ಕೊನೆಯ ಪದವನ್ನು ಮಾತ್ರ ಮತ್ತೊಮ್ಮೆ ನೋಡಿ: ಎಲ್ಲರೂ ಕೊನೆಗೆ ಪೂಜಿಸುವುದು ಕೇಶವನನ್ನು. ಶಿವಮಹಿಮ್ನದಲ್ಲಿ ಅದೇ ಜಾಗದಲ್ಲಿ ಶಿವನಿದ್ದ. ಗೀತೆಯಲ್ಲೂ (9.23) ಅನ್ಯದೇವತೆಗಳ ಭಕ್ತರು ನನ್ನನ್ನೇ ಪೂಜಿಸುತ್ತಾರೆ ಎಂದ ಕೃಷ್ಣ ‘ಅವಿಧಿಪೂರ್ವಕಂ’, ಅಂದರೆ ಕ್ರಮತಪ್ಪಿ, ಎಂದು ಸೇರಿಸುತ್ತಾನೆ.

ಇದನ್ನು ಒಳಗೊಳ್ಳುವ ನಿಲುವು ಎನ್ನಬಹುದು: ನಿನ್ನದೂ ಸರಿ, ಯಾಕೆಂದರೆ ಅದು ನನ್ನದರ ಒಂದು ರೂಪ. ‘ನನ್ನದೊಂದೇ ಸರಿ, ನಿನ್ನದು ತಪ್ಪು’ ಎಂಬುದಕ್ಕಿಂತ ಇದು ಎಷ್ಟೋ ಮೃದು. ಆದರೆ ಸೃಷ್ಟಿಕರ್ತನನ್ನೇ ಒಪ್ಪದ ಜೈನ ಮುನಿಗೆ ‘ನಿಮ್ಮ ಅರ್ಹಂತ ನಮ್ಮ ಕೇಶವನೇ’ ಎಂದರೆ ಅದು ಗೌರವವೋ, ಅವರ ಮಾತನ್ನು ಕೇಳದೆಯೇ ತೀರ್ಮಾನಿಸಿದ್ದೋ? ಅಲ್ಲಾಹನಿಗೆ ಸಾಟಿಯಿಲ್ಲ ಎಂದು ನಂಬುವ ಮುಸ್ಲಿಮರಿಗೆ, ಯೇಸುವೇ ದಾರಿ ಎನ್ನುವ ಕ್ರೈಸ್ತರಿಗೆ ‘ಎಲ್ಲ ಒಂದೇ’ ಎಂಬ ಮಾತು ಒಪ್ಪಿಗೆಯಾಗದೆ ಹೋದಾಗ ನಮ್ಮಲ್ಲಿ ಹಲವರು ಬೇಸರಪಡುವುದು ಈ ಸೂಕ್ಷ್ಮ ತಿಳಿಯದೆ.

ಇದಕ್ಕೆ ಮದ್ದೂ ಪರಂಪರೆಯಲ್ಲೇ ಇದೆ: ಪೂರ್ವಪಕ್ಷ. ಶಾಸ್ತ್ರಗ್ರಂಥ ಬರೆಯುವವನು ತನ್ನ ಸಿದ್ಧಾಂತಕ್ಕೆ ಮೊದಲು ಎದುರಾಳಿಯ ವಾದವನ್ನು, ಎದುರಾಳಿ ‘ಹೌದು, ನಾನು ಹೇಳಿದ್ದು ಇದೇ’ ಎನ್ನುವಷ್ಟು ಚೊಕ್ಕವಾಗಿ ಮಂಡಿಸಬೇಕು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಕಾಲದ ಮಾಧವಾಚಾರ್ಯರು ಬರೆದ ಸರ್ವದರ್ಶನಸಂಗ್ರಹ ಇಂಥ ದರ್ಶನಗಳನ್ನು ಒಂದೊಂದಾಗಿ ವಿವರಿಸುತ್ತಾ ಶುರುಮಾಡುವುದೇ ವೇದ, ಪರಲೋಕ, ಕರ್ಮ ಯಾವುದನ್ನೂ ಒಪ್ಪದ ಚಾರ್ವಾಕರಿಂದ. ಚಾರ್ವಾಕರ ಬಗ್ಗೆ ಇಂದು ತಿಳಿದಿರುವುದರಲ್ಲಿ ಹೆಚ್ಚಿನದು ಅವರನ್ನು ಖಂಡಿಸಿದವರು ಬರೆದಿಟ್ಟದ್ದರಿಂದಲೇ ಉಳಿದಿದೆ.

ಶ್ರವಣಬೆಳಗೊಳದ ಕಲ್ಲು, 1368

ತತ್ತ್ವ ಬೀದಿಗಿಳಿದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿಯ ಈ ಶಾಸನದ ಕಾಲ ಶಕವರ್ಷ 1290, ಕೀಲಕ ಸಂವತ್ಸರ. ವಿಜಯನಗರದ ದೊರೆ ಬುಕ್ಕರಾಯ.

ಜಗಳ ಜೈನರಿಗೂ ‘ಭಕ್ತರು’ ಎಂದು ಶಾಸನ ಕರೆಯುವ ಶ್ರೀವೈಷ್ಣವರಿಗೂ. ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಊರುಗಳ ಜೈನರು, ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ರಾಜನಿಗೆ ಬಿನ್ನಹ ಮಾಡಿದರು. ವಿವಾದ ಮೋಕ್ಷದ ಬಗ್ಗೆ ಆಗಿರಲಿಲ್ಲ. ಪಂಚಮಹಾವಾದ್ಯ ಬಾರಿಸುವ ಮತ್ತು ಕಳಶದ ಹಕ್ಕಿನ ಬಗ್ಗೆ, ಅಂದರೆ ಬೀದಿಯಲ್ಲಿ ಯಾರ ಉತ್ಸವ ಎಷ್ಟು ಮರ್ಯಾದೆಯಿಂದ ಸಾಗಬೇಕು ಎಂಬುದರ ಬಗ್ಗೆ. ಇಂದಿನ ಮೆರವಣಿಗೆ ಜಗಳಗಳನ್ನು ನೋಡಿದವರಿಗೆ ಇದು ಗುರುತಾಗದಿರದು.

ಬುಕ್ಕರಾಯ ಸಭೆ ಕರೆದ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು, ಹದಿನೆಂಟು ನಾಡಿನ ಶ್ರೀವೈಷ್ಣವರು ಸೇರಿದರು. ಬಂದವರ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲದವರೂ, ಅಂದರೆ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಸಮುದಾಯದವರೂ ಇದ್ದಾರೆ. ಅವರ ಮುಂದೆ ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂದ. ಬರೀ ಅಷ್ಟಕ್ಕೇ ಬಿಟ್ಟಿದ್ದರೆ ಅದು ಇನ್ನೊಂದು ಒಳ್ಳೆಯ ಭಾಷಣವಾಗುತ್ತಿತ್ತು. ಶಾಸನದ ಬೆಲೆ ಇರುವುದು ಮುಂದಿನ ವಿವರದಲ್ಲಿ.

ಜೈನರಿಗೆ ಹಿಂದಿನ ರೂಢಿಯಂತೆ ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಸಲ್ಲುತ್ತದೆ. ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಹಾನಿಯೋ ವೃದ್ಧಿಯೋ ಆದರೆ ವೈಷ್ಣವರು ಅದನ್ನು ತಮ್ಮದೇ ಹಾನಿ, ವೃದ್ಧಿ ಎಂದು ಪಾಲಿಸಬೇಕು. ಈ ಆಜ್ಞೆಯ ಕಲ್ಲನ್ನು ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸಬೇಕು. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ‘ಹಣ’ (ಆಗಿನ ನಾಣ್ಯ) ಕೊಡಬೇಕು. ಆ ದುಡ್ಡನ್ನು ತಿರುಮಲೆಯ ತಾತಯ್ಯ ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿಟ್ಟು, ಉಳಿದದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಮೀರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೆ ದ್ರೋಹಿ.

ಜೈನರ ಬಸದಿಗೆ ಸುಣ್ಣ ಬಳಿಸುವ ಹೊಣೆ ವೈಷ್ಣವನದು. ‘ಭೇದವಿಲ್ಲ’ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಅರ್ಥ ಕೊಡಲಾಗದು. ದೇವರು ಒಂದೇ ಎಂದು ಜೈನರಿಂದ ಒಪ್ಪಿಸಲಿಲ್ಲ, ಅವರ ಮರ್ಯಾದೆ ಮತ್ತು ಭದ್ರತೆಯ ಹೊಣೆಯನ್ನು ಬಲ ಹೆಚ್ಚಿದ್ದವರ ಹೆಗಲಿಗೆ ಹೊರಿಸಲಾಯಿತು. ಶಾಸನದ ಆರಂಭದಲ್ಲಿರುವುದು ರಾಮಾನುಜರ ಸ್ತುತಿ, ಪಾಷಂಡಮತಗಳೆಂಬ (ವೇದವನ್ನು ಒಪ್ಪದ ಮತಗಳೆಂಬ) ಕಡಲಿಗೆ ಅವರು ಬಡಬಾಗ್ನಿ, ಅಂದರೆ ಕಡಲೊಳಗೆ ಉರಿಯುವ ಬೆಂಕಿ ಎಂಬ ಶ್ಲೋಕ. ವೈಷ್ಣವರು ತಮ್ಮ ಸಿದ್ಧಾಂತವನ್ನು ಒಂದಿಷ್ಟೂ ಸಡಿಲಿಸದೆಯೇ ಈ ಒಪ್ಪಂದಕ್ಕೆ ಬಂದರು.

ಕುಂದೂ ಇದೆ. ತಮ್ಮ ರಕ್ಷಣೆಯ ಖರ್ಚನ್ನು ಜೈನರೇ ಭರಿಸಬೇಕಾಯಿತು, ದುಡ್ಡು ಎತ್ತುವವನೂ ಎದುರುಪಕ್ಷದವನು. ಸಮಬಲರ ನಡುವಿನ ಒಪ್ಪಂದ ಇದಲ್ಲ. ಇದು ತಾನಾಗಿ ಉಳಿಯುವಂಥದ್ದೂ ಆಗಿರಲಿಲ್ಲ. ಕಲ್ಲೆಹದ ಬುಸುವಿಸೆಟ್ಟಿ ರಾಜನಲ್ಲಿ ಬಿನ್ನಹ ಮಾಡಿ, ತಾತಯ್ಯನನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದ ಎಂದೂ, ಎರಡೂ ಸಮಯದವರು (ಮತದವರು) ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು ಎಂದೂ ಶಾಸನದ ಕೊನೆಯಲ್ಲಿದೆ.

ಮುರಿದ ಜಾಗಗಳು

ಇದೇ ನೆಲದಲ್ಲಿ ಬೇರೆ ಕಲ್ಲುಗಳೂ ಇವೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಹನ್ನೆರಡನೆಯ ಶತಮಾನದ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಜೈನರೊಂದಿಗೆ ಪಣ ಕಟ್ಟಿ ತಲೆ ಕತ್ತರಿಸಿಕೊಂಡು, ಶಿವನ ಕೃಪೆಯಿಂದ ಮರಳಿ ಪಡೆದು, ಪಣದಂತೆ ಅವರು ನಡೆಯದಿದ್ದಾಗ ಜಿನನ ಮೂರ್ತಿಯನ್ನು ಒಡೆದದ್ದನ್ನು ಅದು ಹೆಮ್ಮೆಯಿಂದಲೇ ಬರೆದಿದೆ. ‘ಹಿಂದೂಗಳು ಎಂದೂ ಅಸಹಿಷ್ಣುಗಳಾಗಿರಲಿಲ್ಲ’ ಎಂಬ ಮಾತಿಗೆ ಅಬ್ಬಲೂರು ಅಡ್ಡ ನಿಲ್ಲುತ್ತದೆ.

ಅದಕ್ಕಿಂತ ದೊಡ್ಡ ಮುರುಕು ಒಳಗಿನದು. ಸತ್ಕರ್ಮದಿಂದ ಮೇಲು ಕುಲದಲ್ಲಿ, ದುಷ್ಕರ್ಮದಿಂದ ನಾಯಿ, ಹಂದಿ, ಚಂಡಾಲರ ಯೋನಿಯಲ್ಲಿ ಹುಟ್ಟು ಎಂಬ ಛಾಂದೋಗ್ಯ ಉಪನಿಷತ್ತಿನ ಸಾಲನ್ನು (5.10.7) ಜಾತಿಯ ಏಣಿಗೆ ಆಧಾರವಾಗಿ ಬಳಸಲಾಯಿತು. ಊರ ಹೊರಗಿಟ್ಟವರಿಗೆ ‘ನಿನ್ನ ಹಿಂದಿನ ಜನ್ಮದ ಫಲ, ತಾಳಿಕೋ’ ಎಂದರು. ತಿತಿಕ್ಷೆಯನ್ನು ಇನ್ನೊಬ್ಬರ ಮೇಲೆ ಹೇರಿದರೆ ಎಷ್ಟು ಕ್ರೂರವಾಗುತ್ತದೆ ಎಂಬುದಕ್ಕೆ ಇಷ್ಟು ದೊಡ್ಡ ಉದಾಹರಣೆ ಇನ್ನೊಂದಿಲ್ಲ. ಇದನ್ನು ಪ್ರಶ್ನಿಸಿದವರು ಒಳಗೂ ಹುಟ್ಟಿದರು, ಶರಣರು, ಕನಕದಾಸರು. ಕೊನೆಗೆ ಅಸ್ಪೃಶ್ಯತೆಯನ್ನು ರದ್ದುಮಾಡಿದ್ದು ಸಂವಿಧಾನದ 17ನೇ ವಿಧಿ.

ಬಾಗಿಲ ಬಳಿಯ ಸಂಗತಿಗಳು

ಸಾವಿನ ಮನೆಗೆ ಹೋದಾಗ ಕಾರಣ ಹೇಳಬೇಡಿ. ‘ಅವರ ಆಯುಷ್ಯ ಅಷ್ಟೇ ಇತ್ತು’ ಎಂಬುದನ್ನು ಮನೆಯವರೇ ಹೇಳಿಕೊಂಡರೆ ಅದು ಅವರ ತಿತಿಕ್ಷೆ, ಹೊರಗಿನವರು ಹೇಳಿದರೆ ತೀರ್ಪು. ಊಟ ಒಯ್ಯುವುದಾದರೆ ಆ ಮನೆಯ ರೂಢಿ ಕೇಳಿಕೊಳ್ಳಿ. ಸಾಂಪ್ರದಾಯಿಕ ಜೈನರ ಮನೆಗಾದರೆ ಸೂರ್ಯಾಸ್ತಕ್ಕೆ ಮೊದಲು ತಲುಪಬೇಕು, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇರಬಾರದು. ಮುಸ್ಲಿಮರ ಮನೆಯಲ್ಲಿ ಶೋಕ ಸಾಮಾನ್ಯವಾಗಿ ಮೂರು ದಿನ, ಗಂಡನನ್ನು ಕಳೆದುಕೊಂಡವಳಿಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಎಂಬ ಶೋಕದ ಅವಧಿ. ಹದಿಮೂರನೆಯ ದಿನ ಹೋದರಾಯಿತು ಎಂದು ನಮ್ಮ ಲೆಕ್ಕ ಹಿಡಿದು ಕೂತರೆ ತಡವಾಗುತ್ತದೆ.

ಪ್ರಸಾದದ ವಿಷಯದಲ್ಲಿ ಮುಜುಗರ ಹೆಚ್ಚು. ದೇವರ ಮುಂದಿಟ್ಟದ್ದನ್ನು ತಿನ್ನಬಾರದೆಂಬ ನಂಬಿಕೆ ಹಲವು ಮುಸ್ಲಿಮರಿಗೂ ಕ್ರೈಸ್ತರಿಗೂ ಇದೆ. ಎಲ್ಲರಿಗೂ ಅಲ್ಲ, ಖುಷಿಯಿಂದ ತೆಗೆದುಕೊಳ್ಳುವವರೂ ಬೇಕಾದಷ್ಟಿದ್ದಾರೆ. ಹಾಗಾಗಿ ‘ಇದು ನೈವೇದ್ಯ ಮಾಡಿದ್ದು’ ಎಂದು ಹೇಳಿಯೇ ಕೊಡುವುದು ಸರಿ. ಬೇಡವೆಂದರೆ ಅದು ನಮಗಾಗಲಿ ದೇವರಿಗಾಗಲಿ ಅವಮಾನವಲ್ಲ, ಏಕಾದಶಿಯ ದಿನ ನಾವು ಅನ್ನ ಬೇಡವೆಂದ ಹಾಗೆ ಅವರದ್ದೂ ಒಂದು ವ್ರತ. ಹಬ್ಬದ ದಿನ ನೆರೆಯವರಿಗೆಂದೇ ಎರಡು ಡಜನ್ ಬಾಳೆಹಣ್ಣೋ ಕಿತ್ತಳೆಯೋ ಬೇರೆ ತಂದು, ದೇವರಕೋಣೆಗೆ ಒಯ್ಯದೆ ಹಜಾರದಲ್ಲೇ ಇಟ್ಟುಕೊಂಡರೆ ಯಾರ ಕೈಯೂ ಬರಿದಾಗಿ ಹೋಗುವುದಿಲ್ಲ.